ಕೆಂಪು ಔಷಧಿ

ಫೆಬ್ರವರಿ 11, ಮಂಗಳವಾರ

ದಿನಚರಿ ಬರೆಯುವ ಪೈಕಿ ನಾನಲ್ಲ. ಇಪ್ಪತ್ತು ವರ್ಷದಿಂದ ಕಾರಿನ ಪಕ್ಕದ ಸೀಟಿನಲ್ಲಿ ಕೂತು ಕಂಡಕಂಡವರಿಗೆಲ್ಲ ಡ್ರೈವಿಂಗ್ ಕಲಿಸುತ್ತ ಬಾಯಿ ಬಡಿದುಕೊಂಡಿದ್ದೇ ಆಯಿತು. ಮನೆಗೆ ಬಂದರೆ ಸಾಕಪ್ಪಾ ಈ ಮಾತು ಅನ್ನಿಸುತ್ತಿತ್ತು. ಈಗ ಎರಡು ವಾರದಿಂದ ತಲೆಯೊಳಗೆ ಮಾತು ನಿಲ್ಲುತ್ತಲೇ ಇಲ್ಲ, ಆಡೋಣವೆಂದರೆ ಕೇಳುವವರಿಲ್ಲ. ಮನೆಯಲ್ಲಿ ಇರುವುದು ಮೂವರು. ಇವರಿಗೆ ಹೇಳಿದರೆ ಆಮೇಲೆ ಆ ಮುಖ ನೋಡಲಾಗುವುದಿಲ್ಲ. ಅತ್ತೆಗೆ ಹೇಳಿದರೆ ಅವರು ತಮ್ಮ ಎದೆಯ ಪುರಾಣ ಬಿಚ್ಚುತ್ತಾರೆ. ಹಾಗಾಗಿ ಬರೆಯುತ್ತಿದ್ದೇನೆ.

ಕತ್ತಿನ ಎಡಗಡೆ ಗಂಟು. ರಿವರ್ಸ್ ಕಲಿಸುವಾಗ ಹಿಂದಕ್ಕೆ ತಿರುಗಿ ತಿರುಗಿ ಉಳುಕಿರಬೇಕು ಅಂದುಕೊಂಡು ಎರಡು ತಿಂಗಳು ಮುಲಾಮು ಹಚ್ಚಿದೆ. ಗಂಟಿನಿಂದ ಚೂರು ತೆಗೆದು ಪರೀಕ್ಷೆ ಮಾಡಿದವರು ಲಿಂಫೋಮಾ ಅಂದರು. ಕೇಳಲು ಯಾವುದೋ ಹೂವಿನ ಹೆಸರಿನ ಹಾಗಿದೆ. ಕ್ಯಾನ್ಸರ್.

ಇವತ್ತು ಎಕೋ ಮಾಡಿಸಲು ಕಳಿಸಿದರು. ಕತ್ತಿಗೆ ಬಂದ ರೋಗಕ್ಕೆ ಎದೆಯ ಪರೀಕ್ಷೆ ಯಾಕೆ ಅಂತ ನಾನೇ ಕೇಳಿದೆ. ಡಾಕ್ಟರು ನನಗಿಂತ ಚಿಕ್ಕವರು, ಕನ್ನಡಕವನ್ನು ತಲೆಯ ಮೇಲೆ ಏರಿಸಿಕೊಂಡು ಮಾತಾಡುತ್ತಾರೆ.

"ಮೂರು ವಾರಕ್ಕೊಮ್ಮೆ, ಒಟ್ಟು ಆರು ಸಲ ಔಷಧಿ ಕೊಡ್ತೀವಮ್ಮ. ಅದರಲ್ಲಿ ಕೆಂಪಗಿರೋದು ಒಂದು ಬರುತ್ತೆ. ಗಂಟು ಕರಗಿಸೋದರಲ್ಲಿ ಅದು ಗಟ್ಟಿಗ. ಆದರೆ ಕೆಲವರಿಗೆ ಹೃದಯದ ಬಲ ಕಮ್ಮಿ ಮಾಡುತ್ತೆ. ನಿಮಗೆ ಬಿಪಿ ಬೇರೆ ಇದೆ. ಅದಕ್ಕೇ ಈಗಲೇ ನೋಡಿಟ್ಟುಕೊಂಡು, ನಡುನಡುವೆ ನೋಡ್ತಾ ಇರ್ತೀವಿ."

"ಕಮ್ಮಿ ಆಗಿಬಿಟ್ರೆ?"

"ಆ ಔಷಧಿ ನಿಲ್ಲಿಸಬೇಕಾಗುತ್ತೆ."

ಆಮೇಲೂ ಅವರು ಏನೇನೋ ಹೇಳಿದರು. ನಾನು ಅವರ ತುಟಿಗಳನ್ನು ನೋಡುತ್ತಿದ್ದೆ. ಇವರು ನನ್ನ ಕೈಚೀಲವನ್ನು ಮಡಿಲಲ್ಲಿಟ್ಟುಕೊಂಡು ತಲೆಯಾಡಿಸುತ್ತಿದ್ದರು.

ಎಕೋ ಕೋಣೆ ಸಿನಿಮಾ ಮಂದಿರದ ಹಾಗೆ ಮಬ್ಬು. ಎಡಮಗ್ಗುಲಿಗೆ ಮಲಗಿಸಿ, ತಣ್ಣನೆಯ ಅಂಟು ಹಚ್ಚಿ, ಆ ಹುಡುಗಿ ಪಕ್ಕೆಲುಬಿನ ಸಂದಿಯಲ್ಲಿ ಸಾಧನವನ್ನು ಒತ್ತಿದಳು. ನಾನು ಗೋಡೆ ನೋಡುತ್ತ ಮಲಗಿದೆ. ಒಮ್ಮೆಲೇ ಸದ್ದು ಬಂತು, ಯಾರೋ ಒದ್ದೆ ಬಟ್ಟೆಯನ್ನು ಕಲ್ಲಿಗೆ ಬಡಿಯುವ ಹಾಗೆ. ಅದು ನನ್ನದೇ ಅಂತ ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು.

ಪ್ರತಿ ಬಡಿತಕ್ಕೆ ಹೃದಯ ತನ್ನಲ್ಲಿರುವ ರಕ್ತದಲ್ಲಿ ಎಷ್ಟನ್ನು ಹೊರಗೆ ತಳ್ಳುತ್ತದೆ ಅನ್ನುವುದಕ್ಕೆ ಒಂದು ಸಂಖ್ಯೆ ಇದೆಯಂತೆ. ನನ್ನದು ನೂರಕ್ಕೆ ಅರವತ್ತಮೂರು.

"ಫಸ್ಟ್ ಕ್ಲಾಸಾ?" ಅಂದೆ.

"ಇದರಲ್ಲಿ ನೂರು ಯಾರಿಗೂ ಬರಲ್ಲ ಮೇಡಂ. ಐವತ್ತೈದರ ಮೇಲಿದ್ರೆ ಚೆನ್ನಾಗಿದೆ ಅಂತ ಲೆಕ್ಕ."

ಪಾಸಾದೆ.

ಫೆಬ್ರವರಿ 14, ಶುಕ್ರವಾರ

ಮೊದಲನೆಯದು ಆಯಿತು. ಉಳಿದವನ್ನೆಲ್ಲ ಬಾಟಲಿ ನೇತುಹಾಕಿ ಹನಿಹನಿಯಾಗಿ ಬಿಟ್ಟರು. ಕೆಂಪನ್ನು ಮಾತ್ರ ನರ್ಸ್ ಪಕ್ಕದಲ್ಲೇ ಕೂತು, ದೊಡ್ಡ ಸಿರಿಂಜಿನಿಂದ ತನ್ನ ಕೈಯಾರೆ ನಿಧಾನವಾಗಿ ತಳ್ಳಿದಳು. ರಕ್ತನಾಳದಿಂದ ಆಚೆ ಹೋದರೆ ಚರ್ಮ ಸುಡುತ್ತದಂತೆ. ಚರ್ಮ ಸುಡುವುದನ್ನು ನೇರವಾಗಿ ಹೃದಯಕ್ಕೆ ಕಳಿಸುತ್ತಿದ್ದಾರಲ್ಲ ಅಂದುಕೊಂಡು ಕಣ್ಣು ಮುಚ್ಚಿದೆ.

ಸಂಜೆ ಮೂತ್ರವೂ ಕೆಂಪು. ಹೇಳಿದ್ದರು. ಆದರೂ ಬಚ್ಚಲಲ್ಲಿ ಗೋಡೆ ಹಿಡಿದು ನಿಂತೆ.

ಮಾರ್ಚ್ 3, ಸೋಮವಾರ

ದಿಂಬಿನ ತುಂಬ ಕೂದಲು. ಇವರ ಕೈಯಲ್ಲೇ ಬೋಳಿಸಿಕೊಂಡೆ. ಬೇಕರಿಯಲ್ಲಿ ದಿನಾ ಹಿಟ್ಟಿನ ಉಂಡೆಗೆ ಬ್ಲೇಡಿನಲ್ಲಿ ಗೀರು ಹಾಕುವ ಕೈ, ಒಂದು ಗಾಯವೂ ಆಗಲಿಲ್ಲ. ಬೆಳಕು ಹರಿಯುವ ಮೊದಲೇ ಕೆಲಸಕ್ಕೆ ಹೋಗುವವರು ಮಧ್ಯಾಹ್ನ ಬಂದಾಗ ಮೈತುಂಬ ಬೆಣ್ಣೆಯ ವಾಸನೆ ಹೊತ್ತು ತರುತ್ತಾರೆ. ಮೊದಲು ಅದು ನನಗೆ ಪ್ರಾಣ. ಈಗ ಹೊಟ್ಟೆ ತೊಳಸುತ್ತದೆ. ಅದಕ್ಕೆ ಸ್ನಾನ ಮಾಡಿ ಬಟ್ಟೆ ಬದಲಿಸದೆ ನನ್ನ ಹತ್ತಿರ ಸುಳಿಯುವುದಿಲ್ಲ, ಪಾಪ.

ಸ್ನಾನಕ್ಕೂ ಕಾಯಬೇಕು. ಮನೆಯಲ್ಲಿ ಇರುವುದು ಒಂದೇ ಬಚ್ಚಲು, ಅದು ಅತ್ತೆಯ ವಶ. ಅವರದು ಒಂಬತ್ತು ವರ್ಷದ ಹೃದಯದ ಕಾಯಿಲೆ. ಮೈಯಲ್ಲಿ ನೀರು ನಿಲ್ಲದ ಹಾಗೆ ಒಂದು ಮಾತ್ರೆ ನುಂಗುತ್ತಾರೆ. ನುಂಗಿದರೆ ಮಧ್ಯಾಹ್ನದವರೆಗೂ ಓಡಾಟವೋ ಓಡಾಟ. ಉಪ್ಪು ಇಷ್ಟೇ, ನೀರು ಇಷ್ಟೇ, ತೂಕ ಇಷ್ಟಾಯಿತು ಅಂತ ದಿನಾ ವರದಿ ಒಪ್ಪಿಸುತ್ತಾರೆ. ನಾನು ಹೂಂ ಅನ್ನುತ್ತೇನೆ. ಕೇಳಿಸಿಕೊಳ್ಳುವುದಿಲ್ಲ.

ಗಂಟು ಅರ್ಧ ಕರಗಿದೆ. ಗಂಟೆಗೊಮ್ಮೆ ಮುಟ್ಟಿ ನೋಡುತ್ತೇನೆ.

ಮಾರ್ಚ್ 25, ಮಂಗಳವಾರ

ಔಷಧಿಯ ನಂತರದ ಮೂರನೆಯ ವಾರದಲ್ಲಿ ಮನುಷ್ಯಳಾಗುತ್ತೇನೆ. ಆಗ ದಿನಕ್ಕೊಂದು ಪಾಠ ಮಾಡಬಹುದು ಅಂತ ಡಾಕ್ಟರು ಒಪ್ಪಿದ್ದಾರೆ. ಮೂಗು ಬಾಯಿ ಮುಚ್ಚಿಕೊಂಡು, ಕಿಟಕಿ ತೆರೆದಿಟ್ಟು. ಡ್ರೈವಿಂಗ್ ಸ್ಕೂಲಿನ ಮಾಲೀಕ ನನಗೆ ಒಬ್ಬರನ್ನೇ ಉಳಿಸಿದ್ದಾನೆ, ಬ್ರೇಕಮ್ಮನನ್ನು. ಹೆಸರಿಟ್ಟಿದ್ದು ನಾನೇ. ಟೈಪಿಸ್ಟ್ ಆಗಿ ನಿವೃತ್ತರಾದವರು. ಗಂಡ ಇದ್ದಷ್ಟು ದಿನ ಸ್ಟಿಯರಿಂಗ್ ಮುಟ್ಟಲು ಬಿಡಲಿಲ್ಲವಂತೆ. ಅವರು ಹೋದ ಮೇಲೆ ಕಾರು ಮನೆಮುಂದೆ ನಿಂತು ಧೂಳು ಹಿಡಿಯುತ್ತಿದೆ. ಎಲೆ ಅಲುಗಾಡಿದರೂ ಬ್ರೇಕ್ ಒತ್ತುತ್ತಾರೆ.

"ಯಾಕಮ್ಮಾ ನಿಲ್ಲಿಸಿದ್ರಿ?"

"ಆ ಮನುಷ್ಯ ದಾಟಬೋದು ಅನ್ನಿಸ್ತು."

"ಅವರು ಅಂಗಡಿ ಒಳಗಿದ್ದಾರೆ."

"ಆಚೆ ಬಂದ್ರೆ?"

ಬೈದೆ. ನಕ್ಕೆ. ನನ್ನ ಕಾಲಡಿಯೂ ಒಂದು ಬ್ರೇಕ್ ಇದೆ, ಎಂಥವರು ಓಡಿಸಿದರೂ ನಾನಿದ್ದೇನೆ ಅನ್ನುವ ಧೈರ್ಯ ಅದರದು. ಒಂದು ಗಂಟೆ ಹೊತ್ತು ನಾನು ಯಾವುದಕ್ಕೂ ಹೆದರಲಿಲ್ಲ.

ಏಪ್ರಿಲ್ 14, ಸೋಮವಾರ

ಗಂಟು ಕೈಗೆ ಸಿಗುತ್ತಿಲ್ಲ. ಡಾಕ್ಟರೂ ಹುಡುಕಿದರು, ಸಿಗಲಿಲ್ಲ. ಇನ್ನೂ ಮೂರು ಸಲ ಔಷಧಿ ಬಾಕಿ ಇದೆ, ಆಗಲೇ ಸಿಗುತ್ತಿಲ್ಲ. ಕುಣಿಯಬೇಕಿತ್ತು.

ಆದರೆ ಎಕೋದಲ್ಲಿ ಐವತ್ತಾರು.

ಆ ಹುಡುಗಿ ಈ ಸಲ ಒಂದೂ ಮಾತಾಡಲಿಲ್ಲ. ಒಂದೇ ಜಾಗದಲ್ಲಿ ಮೂರ್ನಾಲ್ಕು ಸಲ ಅಳೆದಳು. ನಾನು ಗೋಡೆ ನೋಡುತ್ತ ಅವಳ ಬೆರಳಿನ ಕಟಕಟ ಸದ್ದನ್ನೇ ಕೇಳಿದೆ. ಕಲಿಯುವವರು ತಪ್ಪು ಮಾಡಿದಾಗ ನಾನೂ ಹೀಗೇ ಸುಮ್ಮನಾಗುತ್ತೇನೆ. ಅವರಿಗೆ ಆಗ ಹೇಗೆ ಅನ್ನಿಸುತ್ತಿತ್ತು ಅಂತ ಈಗ ಗೊತ್ತಾಯಿತು.

"ಏಳು ಇಳಿದಿದೆ," ಅಂದರು ಡಾಕ್ಟರು. "ಗಾಬರಿ ಬೇಡ, ಇನ್ನೂ ಗಡಿ ಒಳಗೇ ಇದೆ. ಆದರೆ ಮೆಟ್ಟಿಲು ಹತ್ತುವಾಗ ಏದುಸಿರು ಬಂದ್ರೆ, ಮಲಗಿದಾಗ ಉಸಿರು ಕಟ್ಟಿದ್ರೆ, ಕಾಲು ಊದಿದ್ರೆ, ತೂಕ ಇದ್ದಕ್ಕಿದ್ದಂತೆ ಏರಿದ್ರೆ, ಅವತ್ತೇ ನನಗೆ ಫೋನ್ ಮಾಡ್ಬೇಕು. ಆಯ್ತಾ?"

ಆಯ್ತು ಅಂದೆ. ದಾರಿಯಲ್ಲಿ ಇವರು, "ಐವತ್ತಾರು ಅಂದ್ರೆ ಐವತ್ತೈದರ ಮೇಲೇ ಅಲ್ವಾ?" ಅಂತ ಎರಡು ಸಲ ಕೇಳಿದರು. ಮೇಲೇ ಅಂತ ಎರಡು ಸಲ ಹೇಳಿದೆ.

ನನ್ನ ಲೆಕ್ಕ ಬೇರೆ. ಗಂಟನ್ನು ತಿಂದದ್ದು ಕೆಂಪು. ಅದನ್ನು ನಿಲ್ಲಿಸಿದರೆ ಎಲ್ಲೋ ಒಂದು ಸಾಸಿವೆಯಷ್ಟು ಉಳಿದದ್ದು ಮತ್ತೆ ಬೆಳೆಯುತ್ತದೆ. ಆರೂ ಆಗಲೇಬೇಕು.

ಏಪ್ರಿಲ್ 27, ಭಾನುವಾರ

ನಾಲ್ಕನೆಯದು ಮುಗಿದು ಒಂಬತ್ತು ದಿನ. ಈ ಸಲ ಸುಸ್ತು ಹೆಚ್ಚು. ಎಲ್ಲರಿಗೂ ಹಾಗೇ ಅಂತೆ, ಒಂದರ ಮೇಲೊಂದು ಸೇರುತ್ತದೆ.

ಚಪ್ಪಲಿ ಬಿಗಿಯಾಗಿದೆ. ಬಿಸಿಲಿಗೆ ಆಗುತ್ತದೆ. ಅಗಲವಾದದ್ದನ್ನು ತೆಗೆದುಕೊಂಡೆ.

ನಮ್ಮ ಮನೆ ಎರಡನೆಯ ಮಹಡಿ. ಮಧ್ಯದ ತಿರುವಿನಲ್ಲಿ ನಿಂತು ಚೀಲದಲ್ಲಿ ಬೀಗದ ಕೈ ಹುಡುಕುತ್ತೇನೆ. ಮನೆಯಲ್ಲಿ ಅತ್ತೆ ಇದ್ದೇ ಇರುತ್ತಾರೆ, ಬೀಗ ಹಾಕಿರುವುದೇ ಇಲ್ಲ, ಆದರೂ ಹುಡುಕುತ್ತೇನೆ. ಎದುರು ಮನೆಯವರು ನೋಡಿದರೆ ಏನಾದರೂ ಅಂದುಕೊಂಡಾರು.

ರಾತ್ರಿ ಹುಳಿತೇಗು, ಅದಕ್ಕೆ ಇನ್ನೊಂದು ದಿಂಬು.

ಮೇ 9, ಶುಕ್ರವಾರ

ಇವತ್ತು ಐದನೆಯದು. ಬೆಳಿಗ್ಗೆಯಿಂದ ಎದೆ ಹೊಡೆದುಕೊಳ್ಳುತ್ತಿತ್ತು, ಅದು ಭಯಕ್ಕೋ ಬೇರೆ ಯಾವುದಕ್ಕೋ ಗೊತ್ತಿಲ್ಲ. ಎಕೋಗೆ ದಿನ ಸಿಕ್ಕಿರುವುದು ಮುಂದಿನ ತಿಂಗಳು. ಯಂತ್ರ ಕೆಟ್ಟು ಎಲ್ಲರದೂ ಹಿಂದೆ ಬಿದ್ದಿದೆಯಂತೆ. ಡಾಕ್ಟರು ಪೆನ್ನು ಹಿಡಿದು ನನ್ನನ್ನೇ ನೋಡಿದರು.

"ಏದುಸಿರು ಏನಾದ್ರೂ ಇದ್ಯಾ? ಇದ್ರೆ ಹೇಳಿ, ಬೇರೆ ಕಡೆ ಇವತ್ತೇ ಎಕೋ ಮಾಡಿಸ್ತೀನಿ, ಔಷಧಿ ನಾಳೆ ಕೊಟ್ರಾಯ್ತು."

"ಇಲ್ಲ."

"ಮೆಟ್ಟಿಲು?"

"ಆರಾಮಾಗಿ ಹತ್ತುತ್ತೀನಿ."

"ಕಾಲು?"

ಸೀರೆಯ ನೆರಿಗೆ ಎಳೆದುಕೊಂಡೆ. "ಚೆನ್ನಾಗಿದೆ."

ಇವರು ಪಕ್ಕದಲ್ಲೇ ಇದ್ದರು. ಕಿಟಕಿಯ ಕಡೆ ನೋಡುತ್ತಿದ್ದರು. ಇವರಿಗೆ ಇದೊಂದೂ ಗೊತ್ತಾಗುವುದಿಲ್ಲ, ಒಳ್ಳೆಯದಾಯಿತು. ಗೊತ್ತಾಗಿದ್ದರೆ ಹೆದರಿ ಎಲ್ಲ ಹೇಳಿಬಿಡುತ್ತಿದ್ದರು.

ಕೆಂಪು ಹೋಗುವಾಗ ನರ್ಸಿನ ಕೈಯನ್ನೇ ನೋಡುತ್ತಿದ್ದೆ. ಸಿರಿಂಜು ಖಾಲಿಯಾದಾಗ ಗೆದ್ದೆ ಅನ್ನಿಸಿತು. ಮರುಕ್ಷಣ ಇನ್ನೊಂದು ಹೊಳೆಯಿತು. ಇನ್ನು ಅದನ್ನು ಹೊರಗೆ ತೆಗೆಯುವವರು ಯಾರೂ ಇಲ್ಲ.

ಮೇ 14, ಬುಧವಾರ

ಮೂರು ದಿಂಬು. ಹುಳಿತೇಗು ಬಿಡುತ್ತಿಲ್ಲ.

ಒಣಕೆಮ್ಮು. ಧೂಳಿರಬೇಕು.

ಮೇ 18, ಭಾನುವಾರ

ಕುರ್ಚಿಯಲ್ಲಿ ಕೂತರೆ ನಿದ್ದೆ ಬರುತ್ತದೆ, ಮಂಚದಲ್ಲಿ ಬರುವುದಿಲ್ಲ. ಮಲಗಿದರೆ ಯಾರೋ ಎದೆಯ ಮೇಲೆ ಒದ್ದೆ ಕಂಬಳಿ ಹೊದಿಸಿದ ಹಾಗೆ. ಹೆಚ್ಚು ಬರೆಯಲಾರೆ.

ಮೇ 21, ಬುಧವಾರ

ಬರೆಯಲೇಬೇಕು. ಯಾರಿಗೂ ಏನೂ ಆಗಲಿಲ್ಲ, ಅದನ್ನು ಮೊದಲು ಬರೆದುಕೊಳ್ಳುತ್ತೇನೆ.

ಹೋಗಬಾರದಿತ್ತು. ಇನ್ನೂ ಎರಡನೆಯ ವಾರ. ಮನೆಯಲ್ಲಿ ಕೂತರೆ ನನ್ನ ಉಸಿರಿನ ಸದ್ದು ನನಗೇ ಕೇಳುತ್ತದೆ, ಅದಕ್ಕೆ ಹೋದೆ. ಬ್ರೇಕಮ್ಮ ಈಗ ಚೆನ್ನಾಗಿ ಓಡಿಸುತ್ತಾರೆ. ಆಟದ ಮೈದಾನದ ಪಕ್ಕದ ಇಳಿಜಾರಿನಲ್ಲಿ, ನಿಲ್ಲಿಸಿದ್ದ ಲಾರಿಯ ಹಿಂದಿನಿಂದ ತಳ್ಳುಗಾಡಿಯವನೊಬ್ಬ ರಸ್ತೆಗೆ ಬಂದ. ನಾನು ನೋಡಿದೆ. ಅವರಿಗಿಂತ ಮೊದಲೇ ನೋಡಿದೆ. ಕಾಲನ್ನು ಬ್ರೇಕಿನ ಮೇಲೆ ಇಡಲು ಹೋದೆ, ಕಾಲು ಬರಲಿಲ್ಲ. ನೀರು ತುಂಬಿದ ಬಿಂದಿಗೆಯನ್ನು ಎತ್ತುವ ಹಾಗೆ ನಿಧಾನವಾಗಿ ಎದ್ದಿತು. ಅಷ್ಟರಲ್ಲಿ ಬ್ರೇಕಮ್ಮ ತಾವೇ ಒತ್ತಿದ್ದರು. ಬೆಲ್ಟು ನನ್ನ ಎದೆಗೆ ಕಚ್ಚಿತು. ತಳ್ಳುಗಾಡಿಯವನು ನಮ್ಮನ್ನು ಬೈದುಕೊಂಡು ದಾಟಿ ಹೋದ.

ಆಮೇಲೆ ಉಸಿರು ಸಿಗಲಿಲ್ಲ. ಬಾಯಿ ತೆರೆದರೆ ಗಾಳಿ ಗಂಟಲವರೆಗೆ ಬಂದು ವಾಪಸು ಹೋಗುತ್ತಿತ್ತು. ಬ್ರೇಕಮ್ಮ ಕಾರನ್ನು ಬದಿಗೆ ತೆಗೆದು, ಇಂಜಿನ್ ಆರಿಸಿ, ಹ್ಯಾಂಡ್‌ಬ್ರೇಕ್ ಎಳೆದು ಕೂತರು. ನಾನು ಕಲಿಸಿದ ಕ್ರಮದಲ್ಲೇ.

"ಮೊದಮೊದಲು ಕಾರು ಹತ್ತಿದಾಗಿಂದ ಇಳಿಯೋವರೆಗೂ ಬೈತಿದ್ರಿ," ಅಂದರು. "ಈಚೆಗೆ ಬೈಯೋದು ಕಮ್ಮಿ ಆಯ್ತು. ನಾನು ಕಲಿತುಬಿಟ್ಟೆ ಅಂದ್ಕೊಂಡೆ. ಈಗ ನೋಡಿದ್ರೆ, ನಿಮಗೆ ಬೈಯೋಕೆ ಉಸಿರಿಲ್ಲ."

"ಸ್ವಲ್ಪ ಸುಸ್ತು, ಅಷ್ಟೇ."

"ಇರಬಹುದು. ಆದರೆ ಡಾಕ್ಟರಿಗೆ ತೋರಿಸಿಕೊಂಡು ಬರೋವರೆಗೂ ನಿಮ್ಮ ಜೊತೆ ಕಾರು ಹತ್ತೋದಿಲ್ಲ ನಾನು. ಹೆದರಿಕೆ ಆಗುತ್ತೆ."

ಇಪ್ಪತ್ತು ವರ್ಷದಲ್ಲಿ ಒಬ್ಬರೂ ನನಗೆ ಈ ಮಾತು ಹೇಳಿರಲಿಲ್ಲ. ನನ್ನ ಪಕ್ಕದಲ್ಲಿ ಕೂತರೆ ಜನಕ್ಕೆ ಹೆದರಿಕೆ ಹೋಗುತ್ತಿತ್ತು.

ಆ ತಳ್ಳುಗಾಡಿಯವನ ಕೈ ಕಾರಿನ ಬಾನೆಟ್ಟಿನ ಮೇಲಿತ್ತು. ಅಷ್ಟು ಹತ್ತಿರ.

ಮೇ 25, ಭಾನುವಾರ

ಆಸ್ಪತ್ರೆಯಲ್ಲಿದ್ದೇನೆ. ಇವತ್ತು ಕೂತು ಬರೆಯುವಷ್ಟು ಆಗಿದೆ.

ಗುರುವಾರ ಸಂಜೆ ಕುರ್ಚಿಯಲ್ಲಿ ಕಾಲಮೇಲೆ ಹೊದಿಕೆ ಹಾಕಿಕೊಂಡು ಕೂತಿದ್ದೆ. ಇವರು ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದರು. ಅತ್ತೆ ಕೋಲೂರಿಕೊಂಡು ಬಂದು ನನ್ನ ಮುಂದೆ ಮಣೆ ಹಾಕಿಕೊಂಡು ಕೂತರು. ಅಷ್ಟು ಕೆಳಗೆ ಅವರು ಕೂರುವುದಿಲ್ಲ. ಕೂತರೆ ಏಳಲು ಎರಡು ಜನ ಬೇಕು.

"ಕಾಲು ತೋರಿಸು."

"ಏನಿಲ್ಲ ಅತ್ತೆ."

"ಏನಿಲ್ಲ ಅಂದ್ರೆ ತೋರಿಸೋಕೇನು?"

ಅವರೇ ಹೊದಿಕೆ ಸರಿಸಿದರು. ಹಿಮ್ಮಡಿಯ ಮೇಲೆ, ಮೂಳೆಯ ಪಕ್ಕ, ಹೆಬ್ಬೆರಳನ್ನು ಊರಿ ಒತ್ತಿ ಹಿಡಿದು ಆಮೇಲೆ ತೆಗೆದರು. ಹಸಿಮಣ್ಣಿನಲ್ಲಿ ಮಾಡಿದ ಹಾಗೆ ಗುಳಿ ಬಿತ್ತು. ಅದು ತುಂಬಿಕೊಳ್ಳಲೇ ಇಲ್ಲ. ಇಬ್ಬರೂ ಅದನ್ನೇ ನೋಡುತ್ತ ಕೂತೆವು.

"ಎದುರುಮನೆಯವಳು ಹೇಳಿದ್ಲು, ಮೆಟ್ಟಿಲಲ್ಲಿ ನಿಂತು ಚೀಲ ಕೆದಕ್ತಾ ಇರ್ತೀಯಂತೆ. ನನ್ನದೂ ಹೀಗೇ ಶುರುವಾಗಿದ್ದು. ಎಷ್ಟು ದಿನದಿಂದ?"

ಅಡುಗೆಮನೆಯ ಬಾಗಿಲಿನಿಂದ ಇವರ ದನಿ ಬಂತು.

"ನಾಲ್ಕನೇದು ಆದಾಗಿಂದ ಅಮ್ಮಾ."

ತಿರುಗಿ ನೋಡಿದೆ. ಕೈಯಿಂದ ನೀರು ತೊಟ್ಟಿಕ್ಕುತ್ತಿತ್ತು.

"ನಿಮಗೆ ಗೊತ್ತಿತ್ತಾ?"

"ಪಕ್ಕದಲ್ಲೇ ಮಲಗ್ತೀನಲ್ಲ. ನೀನು ಉಸಿರಿಗೆ ಒದ್ದಾಡೋದು ಕೇಳಿಸ್ತಿತ್ತು. ಎಬ್ಬಿಸೋಣ ಅಂತ ಕೈ ಚಾಚ್ತಿದ್ದೆ."

"ಮತ್ತೆ ಡಾಕ್ಟರ ಮುಂದೆ ಯಾಕೆ ಸುಮ್ಮನಿದ್ರಿ? ಅವರು ಕೇಳಿದಾಗ?"

"ನಿಲ್ಲಿಸಿಬಿಡ್ತಾರಲ್ಲ ಅಂತ," ಅಂದರು. "ಗಂಟು ಹೋಗಿತ್ತು. ಮತ್ತೆ ಬಂದ್ರೆ ಏನ್ ಮಾಡ್ಲಿ? ಇದೊಂದು ಸಲ ಆಗಲಿ, ಇದೊಂದು ಸಲ ಆಗಲಿ ಅಂತ..." ನನಗೂ ಇದೊಂದು ಸಲ ಅನ್ನುವುದೇ ಲೆಕ್ಕವಾಗಿತ್ತು. ಒಂದೇ ಹಾಸಿಗೆಯಲ್ಲಿ ಮಲಗಿ ಇಬ್ಬರೂ ಒಂದೇ ಸುಳ್ಳನ್ನು ಬೇರೆ ಬೇರೆಯಾಗಿ ಹೇಳುತ್ತಿದ್ದೆವು.

ಅತ್ತೆ ನಮ್ಮಿಬ್ಬರನ್ನೂ ನೋಡಿದರು.

"ಚೆನ್ನಾಗಿದೆ ನಿಮ್ಮ ಸಂಸಾರ. ಒಬ್ಬಳು ಬಚ್ಚಿಡೋದು, ಒಬ್ಬ ಕಾವಲು ಕಾಯೋದು. ನನ್ನ ಎಬ್ಬಿಸಿ ಮೊದಲು. ಆಮೇಲೆ ಫೋನ್ ಮಾಡು."

ಆ ರಾತ್ರಿಯೇ ಸೇರಿಸಿಕೊಂಡರು. ಮೂಗಿಗೆ ಆಮ್ಲಜನಕ, ಸೂಜಿಯಲ್ಲಿ ನೀರಿಳಿಸುವ ಔಷಧಿ. ಶುಕ್ರವಾರ ಯಂತ್ರವನ್ನು ಮಂಚದ ಹತ್ತಿರಕ್ಕೇ ತಂದು ಎಕೋ ಮಾಡಿದರು.

ಮೂವತ್ತೆಂಟು.

ಡಾಕ್ಟರು ಕುರ್ಚಿ ಎಳೆದುಕೊಂಡು ಕೂತರು. ಬೈಯುತ್ತಾರೆ ಅಂದುಕೊಂಡಿದ್ದೆ. ಕನ್ನಡಕವನ್ನು ತಲೆಯಿಂದ ತೆಗೆದು ಕೈಯಲ್ಲಿ ಹಿಡಿದರು.

"ಅವತ್ತು ಕೇಳಿದ್ನಲ್ಲಮ್ಮ. ಯಾಕೆ ಹೇಳಲಿಲ್ಲ?"

"ಔಷಧಿ ನಿಲ್ಲಿಸ್ತೀರಿ ಅಂತ."

"ಆ ಒಂದು ಔಷಧಿ ನಿಲ್ಲಿಸ್ತೀನಿ ಅಂದೆ. ಚಿಕಿತ್ಸೆ ನಿಲ್ಲಿಸ್ತೀನಿ ಅಂದಿರಲಿಲ್ಲ. ಅದರ ಜಾಗಕ್ಕೆ ಹಾಕೋಕೆ ಇನ್ನೊಂದು ಇದೆ ಅಂತ ಮೊದಲನೇ ದಿನಾನೇ ಹೇಳಿದ್ದೆ, ನಿಮ್ಮಿಬ್ಬರಿಗೂ."

ನಾನು ಇವರ ಮುಖ ನೋಡಿದೆ. ಇವರು ನನ್ನ ಮುಖ ನೋಡಿದರು. ಇಬ್ಬರಿಗೂ ನೆನಪಿಲ್ಲ. ನಿಲ್ಲಿಸಬೇಕಾಗುತ್ತದೆ ಅನ್ನುವಲ್ಲಿಗೇ ಇಬ್ಬರ ಕಿವಿಯೂ ಮುಚ್ಚಿಹೋಗಿತ್ತು.

"ಹೇಳಿದ್ದಿದ್ರೆ ಐದನೇದರಲ್ಲಿ ಕೆಂಪು ಕೊಡ್ತಾನೇ ಇರಲಿಲ್ಲ," ಅಂದರು, ಜೋರಾಗಿ ಅಲ್ಲ. "ಈಗ ಹೃದಯದ ಡಾಕ್ಟರು ಮಾತ್ರೆ ಶುರು ಮಾಡ್ತಾರೆ. ಬಲ ವಾಪಸ್ ಬರಬಹುದು. ಎಷ್ಟು ಬರುತ್ತೆ ಅಂತ ನಾನು ಈಗ ಹೇಳಲಾರೆ."

ಎಷ್ಟು ಅಂತ ಹೇಳಲಾರೆ. ಎರಡು ದಿನದಿಂದ ಈ ಮಾತೇ ತಲೆಯಲ್ಲಿ. ಪಕ್ಕದ ಪರದೆಯಲ್ಲಿ ನನ್ನ ಬಡಿತದ ಹಸಿರು ಗೆರೆ ಓಡುತ್ತದೆ. ನಿದ್ದೆ ಬಂದರೆ ನಿಂತುಹೋದೀತು ಅಂತ ನೋಡುತ್ತಲೇ ಇರುತ್ತೇನೆ. ಇವರು ಅದಕ್ಕೆ ಬೆನ್ನು ಹಾಕಿ ಕೂತು ನನ್ನನ್ನು ನೋಡುತ್ತಾರೆ.

"ನೀನು ಮಲಗು. ನಾನು ನೋಡ್ತೀನಿ," ಅಂದರು ಮಧ್ಯಾಹ್ನ.

"ನಿಮಗೂ ಭಯ ತಾನೇ?"

"ಬಹಳ."

ಅದನ್ನು ಕೇಳಿ ಯಾಕೋ ಒಂದು ಗಂಟೆ ನಿದ್ದೆ ಬಂತು.

ಜೂನ್ 2, ಸೋಮವಾರ

ಮನೆಗೆ ಬಂದಿದ್ದೇವೆ. ಮೈಯಿಂದ ಏಳು ಕಿಲೋ ನೀರು ಇಳಿದಿದೆ. ಏಳು ಬಾಟಲಿ ನೀರು ಹೊತ್ತುಕೊಂಡು ಮೆಟ್ಟಿಲು ಹತ್ತುತ್ತಿದ್ದೆನಂತೆ. ಕಾಲಿನ ಗಿಣ್ಣು ಮತ್ತೆ ಕಾಣುತ್ತಿದೆ.

ಈಗ ನನಗೂ ನೀರಿನ ಮಾತ್ರೆ. ಅತ್ತೆಗೂ ನನಗೂ ಒಂದೇ ಬಚ್ಚಲು. ಮೊದಲ ದಿನ ಇಬ್ಬರೂ ಒಟ್ಟಿಗೇ ಎದ್ದೆವು, ಒಟ್ಟಿಗೇ ಬಾಗಿಲಿಗೆ ಬಂದೆವು.

"ನಾನು ಹಿರಿಯಳು," ಅಂದರು.

"ನಾನು ಸೊಸೆ, ನನಗೆ ತಡೆಯೋಕಾಗ್ತಿಲ್ಲ."

"ಒಂಬತ್ತು ವರ್ಷದ ಅಭ್ಯಾಸ ನನ್ನದು. ನಾನು ತಡೀತೀನಿ. ಹೋಗು."

ಆಮೇಲೆ ಅವರೇ ವೇಳೆ ಗೊತ್ತುಮಾಡಿದರು. ಅವರದು ಏಳಕ್ಕೆ, ನನ್ನದು ಎಂಟೂವರೆಗೆ. ಬೆಳಿಗ್ಗೆ ಇಬ್ಬರೂ ಅವರ ತೂಕದ ಯಂತ್ರದ ಮೇಲೆ ಹತ್ತಿ ಇಳಿಯುತ್ತೇವೆ. ಒಂದು ದಿನಕ್ಕೆ ಒಂದು ಕಿಲೋ ಏರಿದರೆ ಫೋನ್ ಮಾಡಬೇಕು ಅಂತ ಅವರು ಹೇಳಿದರು. ನೂರು ಸಲ ಹೇಳಿದ್ದರಂತೆ. ನಾನು ಹೂಂ ಅಂದಿದ್ದೆನಂತೆ.

ಬ್ರೇಕಮ್ಮ ನೋಡಲು ಬಂದಿದ್ದರು. ಒಬ್ಬರೇ, ತಮ್ಮ ಕಾರು ಓಡಿಸಿಕೊಂಡು. ಪರೀಕ್ಷೆ ಪಾಸಾಗಿದೆ. ಕಿಟಕಿಯಿಂದ ನೋಡಿದೆ: ಕಾರು ಅರ್ಧ ಕಾಲುದಾರಿಯ ಮೇಲೆ ನಿಂತಿತ್ತು. ಬೈದೆ. ಪೂರ್ತಿ ವಾಕ್ಯ, ಒಂದೇ ಉಸಿರಿನಲ್ಲಿ. ಅವರು ಕಣ್ಣೊರೆಸಿಕೊಂಡರು.

ಜೂನ್ 13, ಶುಕ್ರವಾರ

ಆರನೆಯದು. ಎರಡು ವಾರ ತಡವಾಗಿ. ಕೆಂಪು ಇಲ್ಲ. ಅದರ ಜಾಗಕ್ಕೆ ನೀರಿನ ಹಾಗೆ ತಿಳಿಯಾದದ್ದೊಂದು, ಮೂರು ದಿನ ಕೊಡಬೇಕಂತೆ. ಸಿರಿಂಜು ಹಿಡಿದು ನರ್ಸ್ ಪಕ್ಕದಲ್ಲಿ ಕೂರಲಿಲ್ಲ. ಬಾಟಲಿ ನೇತುಹಾಕಿ ಹೋದಳು.

ಬಣ್ಣವಿಲ್ಲದ ಔಷಧಿಯನ್ನು ನಂಬುವುದು ಕಷ್ಟ. ಕತ್ತು ಮುಟ್ಟಿ ನೋಡಿಕೊಳ್ಳುವ ಅಭ್ಯಾಸ ಮತ್ತೆ ಶುರುವಾಗಿದೆ. ಇವರು ನೋಡಿದರು. "ನಾನೂ ಮುಟ್ಟಿ ನೋಡ್ಲಾ?" ಅಂದರು. ನೋಡಿದರು. "ಏನೂ ಸಿಗ್ತಿಲ್ಲ," ಅಂದರು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ನೋಡಿದರು.

ಜುಲೈ 9, ಬುಧವಾರ

ಸ್ಕ್ಯಾನಿನಲ್ಲಿ ಎಲ್ಲಿಯೂ ಏನೂ ಇಲ್ಲ. ಡಾಕ್ಟರು ಪರದೆಯನ್ನು ನಮ್ಮ ಕಡೆ ತಿರುಗಿಸಿ ತೋರಿಸಿದರು. ನಮಗೆ ಏನೂ ಅರ್ಥವಾಗಲಿಲ್ಲ. ಇವರು ಅಲ್ಲೇ ಅತ್ತರು, ಕೈಚೀಲಕ್ಕೆ ಮುಖ ಒತ್ತಿಕೊಂಡು. ನನಗೆ ಅಳು ಬರಲಿಲ್ಲ. ರೋಗ ಹೋಯಿತು ಸರಿ, ಇನ್ನು ಈ ಎದೆ ಎಷ್ಟು ದಿನ ಅಂತ ಒಳಗೆ ಯಾರೋ ಕೇಳುತ್ತಲೇ ಇದ್ದರು. ಎಕೋ ಮುಂದಿನ ತಿಂಗಳು. ಮಾತ್ರೆ ಕೆಲಸ ಮಾಡಲು ಸಮಯ ಬೇಕಂತೆ.

ಮನೆಗೆ ಬಂದು ಅತ್ತೆಯ ಹತ್ತಿರ ಕೂತೆ. ಕಾಯಿಲೆಯ ಮೊದಲ ವರ್ಷ ಹೇಗಿತ್ತು ಅಂತ ಕೇಳಿದೆ. ದೀಪ ಹಚ್ಚುವ ಹೊತ್ತಿನವರೆಗೂ ಹೇಳಿದರು. ಮಲಗಲು ಹೆದರಿ ಕಿಟಕಿಯ ಹತ್ತಿರ ಕ್ಯಾಲೆಂಡರ್ ನೋಡುತ್ತ ಕೂರುತ್ತಿದ್ದರಂತೆ. ಆಗ ನಾವು ಇದೇ ಮನೆಯಲ್ಲಿದ್ದೆವು.

ಆಗಸ್ಟ್ 5, ಮಂಗಳವಾರ

ನಿನ್ನೆಯಿಂದ ಊಟ ಸೇರಿರಲಿಲ್ಲ. ಎಕೋ ಕೋಣೆಯ ಬಾಗಿಲಲ್ಲಿ ಇವರು ಎಂದಿನಂತೆ ಬೆಂಚಿನ ಕಡೆ ತಿರುಗಿದರು. ನಾನು ತೋಳು ಬಿಡಲಿಲ್ಲ.

"ಇವರೂ ಒಳಗೆ ಬರ್ಬೋದಾ?"

ಆ ಹುಡುಗಿ ಒಂದು ಸ್ಟೂಲು ಎಳೆದು ಹಾಕಿದಳು. ನಾನು ಎಡಮಗ್ಗುಲಾದೆ. ಒದ್ದೆ ಬಟ್ಟೆಯ ಸದ್ದು ಶುರುವಾಯಿತು. ಇವರು ಪರದೆಯ ಕಡೆ ಬಗ್ಗಿ, ಬಹಳ ಹೊತ್ತು ನೋಡಿ, ಮೆಲ್ಲಗೆ ಕೇಳಿದರು:

"ಇಷ್ಟು ಚಿಕ್ಕದಾ?"

"ಮುಷ್ಟಿಯಷ್ಟು ಇರುತ್ತೆ ಸರ್," ಅಂದಳು ಹುಡುಗಿ.

ಇವರು ತಮ್ಮ ಮುಷ್ಟಿ ಕಟ್ಟಿ ನೋಡಿಕೊಂಡರು. ನಾನೂ ಕತ್ತು ತಿರುಗಿಸಿದೆ. ಬೂದುಬಣ್ಣದ ಚೂರೊಂದು ಮುದುಡುತ್ತಿತ್ತು, ಬಿಚ್ಚುತ್ತಿತ್ತು. ಒಂದು ಮೂಲೆ ಸ್ವಲ್ಪ ಸೋಮಾರಿ. ನೋಡಲು ಹೆದರಿಕೆಯಾಯಿತು, ಆದರೆ ಕಣ್ಣು ತೆಗೆಯಲಾಗಲಿಲ್ಲ.

ನಲವತ್ತೇಳು.

ಡಾಕ್ಟರು ಒಳ್ಳೆಯ ಸುದ್ದಿ ಅಂದರು. ಪೂರ್ತಿ ಒಳ್ಳೆಯದಲ್ಲ, ಒಳ್ಳೆಯದು. ಮಾತ್ರೆ ನಿಲ್ಲಿಸುವ ಹಾಗಿಲ್ಲ, ಬಹುಶಃ ಯಾವತ್ತೂ. ಮೂರು ತಿಂಗಳಿಗೆ ಮತ್ತೆ ಎಕೋ, ಆಮೇಲೆ ಆರು ತಿಂಗಳಿಗೆ, ಆಮೇಲೆ ವರ್ಷವರ್ಷವೂ. ಕಾರಿನ ವಿಷಯ ಆಮೇಲೆ ನೋಡೋಣ ಅಂದರು.

"ಮೆಟ್ಟಿಲು ಹೇಗಿದೆ?"

"ಆರಾಮಾ..." ಅಂದವಳು ನಿಲ್ಲಿಸಿದೆ. "ಇಲ್ಲ. ತಿರುವಲ್ಲಿ ನಿಲ್ತೀನಿ."

"ಮೇಲಿನ ಮೆಟ್ಟಿಲಲ್ಲೂ ನಿಲ್ತಾಳೆ," ಅಂದರು ಇವರು.

"ಅದು ನಿನ್ನೆ ಒಂದಿನ."

"ಮೊನ್ನೆ ಕೂಡ."

ಡಾಕ್ಟರು ಎರಡನ್ನೂ ಬರೆದುಕೊಂಡರು.

ಸಂಜೆ ಮನೆಯ ಮೆಟ್ಟಿಲಲ್ಲಿ, ತಿರುವಿಗೂ ಮೊದಲೇ ಕಾಲು ನಿಂತಿತು. ಉಸಿರು ಸರಿಯಾಗೇ ಇತ್ತು. ಯಾವತ್ತೂ ನಿಲ್ಲದ ಮಾತ್ರೆ, ವರ್ಷವರ್ಷವೂ ಆ ಕೋಣೆ, ಒಂದು ಮೂಲೆ ಸೋಮಾರಿಯಾದ ಆ ಮುಷ್ಟಿ, ಎಲ್ಲ ಒಟ್ಟಿಗೆ ಮೇಲೆ ಬಿದ್ದ ಹಾಗಾಯಿತು.

"ಕೂತ್ಕೋಬೇಕು," ಅಂದೆ. "ಏದುಸಿರಲ್ಲ. ಹೆದರಿಕೆ."

ಇವರು ಕರವಸ್ತ್ರದಿಂದ ಮೆಟ್ಟಿಲು ಒರೆಸಿ ಪಕ್ಕದಲ್ಲೇ ಕೂತರು. ಎದುರುಮನೆಯವರು ಹಾದುಹೋದರು, ಕಾಲು ಸರಿಸಿ ದಾರಿ ಬಿಟ್ಟೆವು.

ಮೇಲಿನಿಂದ ಕೋಲಿನ ಸದ್ದು. ಅತ್ತೆ ಕಟಾಂಜನ ಹಿಡಿದು ಬಗ್ಗಿ ನೋಡಿದರು.

"ಎಷ್ಟು ಬಂತು?"

"ನಲವತ್ತೇಳು," ಅಂದೆ.

"ಅದಕ್ಯಾಕೆ ಅಲ್ಲಿ ಕೂತಿದ್ದೀರಿ ಇಬ್ಬರೂ? ನನ್ನದು ಒಂಬತ್ತು ವರ್ಷದಿಂದ ನಲವತ್ತು. ಬನ್ನಿ ಮೇಲೆ."